ಕಾವಲು, ಗೋಮಾಳ, ಗ್ರಾಮಸಭೆ: ಜನಸಮುದಾಯದ ಹಕ್ಕು ಎಂದರೇನು?

ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಸುತ್ತಲ ಊರುಗಳವರು ಇವತ್ತಿಗೂ ಪಾನಕದ ಗಾಡಿ ಕಟ್ಟಿಕೊಂಡು ಬರುತ್ತಾರೆ. ಟ್ರ್ಯಾಕ್ಟರು, ಬಸ್ಸು ಎಷ್ಟೇ ಇದ್ದರೂ ಆ ದಿನ ಮರ್ಯಾದೆ ಎತ್ತಿನ ಜೋಡಿಗೆ. ಕಡೂರು, ತರೀಕೆರೆ, ಅಜ್ಜಂಪುರದ ಈ ಸೀಮೆ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಜಾಗ. ಇಲ್ಲಿನ ದನ, ಎಮ್ಮೆ, ಕುರಿ, ಮೇಕೆಯ ಬದುಕು ಬಹುಮಟ್ಟಿಗೆ ನಿಂತಿರುವುದು ಯಾರ ಸ್ವಂತ ಪಹಣಿಯಲ್ಲೂ ಇಲ್ಲದ ನೆಲದ ಮೇಲೆ: ಊರಿನ ಗೋಮಾಳ, ಕೆರೆಯಂಗಳ, ಗುಡ್ಡದ ಸೆರಗು, ಅಮೃತ ಮಹಲ್ ಕಾವಲು. ಇಂಥ ನೆಲವನ್ನು ಸರ್ಕಾರ ಬೇರೆ ಕೆಲಸಕ್ಕೆ ಎತ್ತಿಕೊಂಡಾಗ ‘ನನ್ನ ಜಮೀನು ಹೋಯಿತು’ ಎಂದು ಕಚೇರಿಯ ಮುಂದೆ ನಿಲ್ಲಲು ಖಾತೆದಾರನೇ ಇರುವುದಿಲ್ಲ. ಕಳೆದುಕೊಳ್ಳುವುದು ಇಡೀ ಊರು. ಊರಿಗೆ, ಹಟ್ಟಿಗೆ, ಒಂದು ಜನಸಮುದಾಯಕ್ಕೆ ಒಟ್ಟಾಗಿ ಹಕ್ಕು ಇರಬಹುದೇ ಎಂಬ ಪ್ರಶ್ನೆಗೆ ಮಾನವ ಹಕ್ಕುಗಳ ಕಾನೂನು ಎಂಟು ದಶಕಗಳಿಂದ ಉತ್ತರ ಕಟ್ಟುತ್ತಾ ಬಂದಿದೆ. ಆ ಉತ್ತರ ಏನು, ನಮ್ಮ ಕಾವಲಿನವರೆಗೆ ಅದು ಎಷ್ಟು ತಲುಪಿದೆ ಎಂಬುದು ಇಲ್ಲಿನ ವಿಷಯ.

ಒಬ್ಬರ ಹಕ್ಕು, ಜನರ ಹಕ್ಕು

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಬಹುತೇಕ ವಿಧಿಗಳು ವ್ಯಕ್ತಿಯನ್ನು ಕುರಿತವು. ಮಾತಾಡುವ ಹಕ್ಕು, ನ್ಯಾಯವಾದ ವಿಚಾರಣೆಯ ಹಕ್ಕು, ಮತದ ಹಕ್ಕು. ಒಬ್ಬನೇ ಕೇಳಬಹುದು, ಒಬ್ಬನಿಗೇ ಕೊಡಬಹುದು. ಕೆಲವು ಹಕ್ಕುಗಳು ಹಾಗೆ ಬಿಡಿಯಾಗುವುದಿಲ್ಲ. ಭಾಷೆಯನ್ನು ಒಬ್ಬನೇ ಉಳಿಸಿಕೊಳ್ಳಲಾರ. ನೂರು ದನ ಮೇಯುವ ಹುಲ್ಲುಗಾವಲನ್ನು ನೂರು ತುಂಡು ಮಾಡಿ ಹಂಚಿದರೆ ಅಲ್ಲಿ ಒಂದು ದನವೂ ಮೇಯದು. ಹೀಗೆ ಗುಂಪಿಗೆ ಮಾತ್ರ ಸಲ್ಲುವ ಹಕ್ಕುಗಳನ್ನು ಸಾಮೂಹಿಕ ಹಕ್ಕುಗಳು ಎನ್ನುತ್ತಾರೆ. ಅವುಗಳಲ್ಲಿ ಎರಡು ದೊಡ್ಡವು: ತಮ್ಮ ರಾಜಕೀಯ, ಆರ್ಥಿಕ ಬದುಕನ್ನು ತಾವೇ ತೀರ್ಮಾನಿಸಿಕೊಳ್ಳುವ ಸ್ವಯಂ ನಿರ್ಣಯದ ಹಕ್ಕು ಮತ್ತು ಅಭಿವೃದ್ಧಿಯ ಹಕ್ಕು.

ಈ ಹಕ್ಕುಗಳು ಸೇರಿರುವುದು ‘ಜನಸಮುದಾಯಗಳಿಗೆ’. ಯಾವುದು ಜನಸಮುದಾಯ ಎಂದು ಯಾವ ಒಪ್ಪಂದವೂ ವ್ಯಾಖ್ಯಾನ ಕೊಟ್ಟಿಲ್ಲ. ಒಂದೇ ಇತಿಹಾಸ, ಭಾಷೆ ಅಥವಾ ಸಂಸ್ಕೃತಿ, ಒಂದು ನೆಲದ ನಂಟು, ‘ನಾವು ಒಂದು’ ಎಂಬ ಭಾವ, ಇವನ್ನು ಗುರುತಾಗಿ ಹೇಳುವುದುಂಟು. ವ್ಯಾಖ್ಯಾನವಿಲ್ಲದ್ದರಿಂದ ದುರ್ಬಲರಿಗೆ ಆದ ನಷ್ಟ ದೊಡ್ಡದು. ಯಾರು ಜನಸಮುದಾಯ ಎಂದು ಹೇಳುವ ಅಧಿಕಾರ ಬಹಳ ಸಲ ಸರ್ಕಾರಗಳ ಕೈಯಲ್ಲೇ ಉಳಿದುಹೋಯಿತು.

ವಸಾಹತುಗಳಿಂದ ಒಡಂಬಡಿಕೆಗೆ

1945ರ ವಿಶ್ವಸಂಸ್ಥೆಯ ಸನ್ನದಿನ ಒಂದನೇ ವಿಧಿಯಲ್ಲೇ ಜನಸಮುದಾಯಗಳ ಸಮಾನ ಹಕ್ಕು ಮತ್ತು ಸ್ವಯಂ ನಿರ್ಣಯದ ತತ್ವ ಬರುತ್ತದೆ. ಆಗಿನ್ನೂ ಆಫ್ರಿಕಾದ ಬಹುಭಾಗ, ಏಷ್ಯಾದ ದೊಡ್ಡ ಭಾಗ ಪರರ ಆಳ್ವಿಕೆಯಲ್ಲಿತ್ತು. 1960ರ ಡಿಸೆಂಬರ್ 14ರಂದು ಸಾಮಾನ್ಯ ಸಭೆ ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಬೇಕೆಂಬ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ 89 ಮತ, ವಿರೋಧ ಇಲ್ಲ, 9 ದೇಶಗಳು ತಟಸ್ಥ. ಸರಿಯಾಗಿ ಎರಡು ವರ್ಷಕ್ಕೆ, 1962ರಲ್ಲಿ, ನೈಸರ್ಗಿಕ ಸಂಪತ್ತಿನ ಮೇಲೆ ಜನಸಮುದಾಯಗಳಿಗೆ ಶಾಶ್ವತ ಪ್ರಭುತ್ವ ಇದೆ ಎಂಬ ನಿರ್ಣಯ ಬಂತು. ಬಾವುಟ ಇಳಿದರೆ ಸಾಲದು, ಗಣಿಯೂ ಎಣ್ಣೆಯೂ ನಮ್ಮ ಕೈಗೆ ಬರಬೇಕೆಂದು ಹೊಸ ದೇಶಗಳು ಪಟ್ಟು ಹಿಡಿದದ್ದರ ಫಲ ಅದು.

1966ರ ಡಿಸೆಂಬರ್ 16ರಂದು ಎರಡು ಒಡಂಬಡಿಕೆಗಳು ಅಂಗೀಕಾರವಾದವು. ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದು, ಇನ್ನೊಂದು ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳದ್ದು. ಎರಡೂ ಜಾರಿಗೆ ಬಂದದ್ದು 1976ರಲ್ಲಿ. ಎರಡರ ಒಂದನೇ ವಿಧಿಯೂ ಅಕ್ಷರಶಃ ಒಂದೇ. ಎಲ್ಲ ಜನಸಮುದಾಯಗಳಿಗೂ ಸ್ವಯಂ ನಿರ್ಣಯದ ಹಕ್ಕಿದೆ, ತಮ್ಮ ಅಭಿವೃದ್ಧಿಯ ದಾರಿಯನ್ನು ಅವೇ ಆರಿಸಿಕೊಳ್ಳಬಹುದು ಎಂದು ಅದು ಶುರುವಾಗುತ್ತದೆ. ಎರಡನೇ ಉಪವಿಧಿಯ ಕೊನೆಗೆ ಬರುವ ಮಾತು, ನನ್ನ ದೃಷ್ಟಿಯಲ್ಲಿ, ಇಡೀ ಒಡಂಬಡಿಕೆಯಲ್ಲೇ ಅತ್ಯಂತ ಗಟ್ಟಿಯಾದದ್ದು: ಯಾವ ಸಂದರ್ಭದಲ್ಲೂ ಒಂದು ಜನಸಮುದಾಯದ ಸ್ವಂತ ಜೀವನೋಪಾಯವನ್ನು ಕಿತ್ತುಕೊಳ್ಳಕೂಡದು. ತುರ್ತು ಪರಿಸ್ಥಿತಿ, ಸಾರ್ವಜನಿಕ ಹಿತ ಎಂಬ ಯಾವ ವಿನಾಯಿತಿಯನ್ನೂ ಆ ಮಾತಿಗೆ ಜೋಡಿಸಿಲ್ಲ.

ಭಾರತ ಹಾಕಿದ ಷರತ್ತು

ಭಾರತ ಎರಡೂ ಒಡಂಬಡಿಕೆಗಳನ್ನು ಸೇರಿದ್ದು 1979ರ ಏಪ್ರಿಲ್ 10ರಂದು, ಒಂದನೇ ವಿಧಿಗೆ ಒಂದು ಷರತ್ತು ಹಾಕಿ. ‘ಸ್ವಯಂ ನಿರ್ಣಯದ ಹಕ್ಕು’ ಎಂಬುದು ಪರಕೀಯರ ಆಳ್ವಿಕೆಯಲ್ಲಿರುವ ಜನಕ್ಕೆ ಮಾತ್ರ ಅನ್ವಯಿಸುತ್ತದೆ, ಸ್ವತಂತ್ರ ಸಾರ್ವಭೌಮ ದೇಶಕ್ಕಾಗಲಿ ಅದರೊಳಗಿನ ಒಂದು ವರ್ಗಕ್ಕಾಗಲಿ ಅನ್ವಯಿಸದು ಎಂಬುದು ಅದರ ಸಾರ. ನೆದರ್ಲೆಂಡ್ಸ್, ಫ್ರಾನ್ಸ್ ಮತ್ತು ಜರ್ಮನಿ ಇದಕ್ಕೆ ಆಕ್ಷೇಪ ದಾಖಲಿಸಿದವು. ವಿಭಜನೆಯ ರಕ್ತಪಾತದಲ್ಲಿ ಹುಟ್ಟಿದ ದೇಶಕ್ಕೆ ಒಡೆಯುವ ಮಾತಿನ ಭಯ ಇದ್ದದ್ದು ಸಹಜ. ಆದರೆ ಆ ಷರತ್ತಿನ ಮಾತುಗಳು ಹಿಡಿದಿರುವುದು ‘ಸ್ವಯಂ ನಿರ್ಣಯದ ಹಕ್ಕು’ ಎಂಬ ಪದಗಳನ್ನು. ಜೀವನೋಪಾಯ ಕಿತ್ತುಕೊಳ್ಳಕೂಡದು ಎಂಬ ಮಾತನ್ನು ಭಾರತ ತಳ್ಳಿಹಾಕಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ.

ಸ್ವಯಂ ನಿರ್ಣಯ ಎಂದರೆ ಬೇರೆ ದೇಶ ಕಟ್ಟುವುದು ಎಂಬ ತಿಳಿವಳಿಕೆಯೂ ಈಗ ಹಳತು. ಕ್ವಿಬೆಕ್ ಪ್ರಾಂತ್ಯ ಪ್ರತ್ಯೇಕವಾಗಬಹುದೇ ಎಂಬ ಪ್ರಶ್ನೆಗೆ ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ಉತ್ತರಿಸುತ್ತಾ, ಈ ಹಕ್ಕು ಸಾಮಾನ್ಯವಾಗಿ ನೆರವೇರಬೇಕಾದದ್ದು ದೇಶದ ಚೌಕಟ್ಟಿನ ಒಳಗೇ ಎಂದಿತು. ಆ ಅರ್ಥದಲ್ಲಿ ನೋಡಿದರೆ ನಮ್ಮಲ್ಲಿ ಅದರ ಉದಾಹರಣೆಗಳಿಗೆ ಬರವಿಲ್ಲ. 1956ರ ನವೆಂಬರ್ 1ರಂದು ಕನ್ನಡ ನಾಡುಗಳು ಒಂದಾದದ್ದು ಭಾಷಿಕ ಸಮುದಾಯವೊಂದು ದೇಶದೊಳಗೇ ಪಡೆದ ಸ್ವಯಂ ನಿರ್ಣಯ. ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ ಬಂದ 1983ರ ಕಾಯ್ದೆ, 1987ರ ಜಿಲ್ಲಾ ಪರಿಷತ್ ಚುನಾವಣೆ, ಆಮೇಲೆ 1992ರ ಸಂವಿಧಾನದ 73ನೇ ತಿದ್ದುಪಡಿ ಆ ಅಧಿಕಾರವನ್ನು ಹಳ್ಳಿಯ ಮಟ್ಟಕ್ಕೆ ಇಳಿಸುವ ಪ್ರಯತ್ನಗಳು. ಹೈದರಾಬಾದ್ ಕರ್ನಾಟಕಕ್ಕೆ 371 ಜೆ ವಿಧಿ ಬಂದದ್ದೂ, ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿದ್ದೂ ಪ್ರದೇಶವೊಂದು ಒಟ್ಟಾಗಿ ಅಭಿವೃದ್ಧಿಯ ಪಾಲು ಕೇಳಬಹುದು ಎಂಬ ತತ್ವದ ಮೇಲೆಯೇ.

ಅಭಿವೃದ್ಧಿಯ ಹಕ್ಕು

1986ರ ಡಿಸೆಂಬರ್ 4ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಭಿವೃದ್ಧಿಯ ಹಕ್ಕಿನ ಘೋಷಣೆಯನ್ನು ಅಂಗೀಕರಿಸಿತು. 146 ದೇಶಗಳು ಪರ, ಅಮೆರಿಕ ಒಂದೇ ವಿರೋಧ, 8 ದೇಶಗಳು ತಟಸ್ಥ. ಅಭಿವೃದ್ಧಿಯ ಕೇಂದ್ರ ಮನುಷ್ಯ, ಅವನು ಅದರಲ್ಲಿ ಪಾಲ್ಗೊಳ್ಳುವವನೂ ಹೌದು, ಫಲ ಉಣ್ಣುವವನೂ ಹೌದು ಎಂದು ಘೋಷಣೆ ಹೇಳುತ್ತದೆ. ಪಾಲ್ಗೊಳ್ಳುವಿಕೆ ಸಕ್ರಿಯವಾಗಿರಬೇಕು, ಸ್ವತಂತ್ರವಾಗಿರಬೇಕು, ಅರ್ಥಪೂರ್ಣವಾಗಿರಬೇಕು. ಫಲದ ಹಂಚಿಕೆ ನ್ಯಾಯವಾಗಿರಬೇಕು.

ಘೋಷಣೆ ಎಂದರೆ ಒಪ್ಪಂದವಲ್ಲ. ಕೋರ್ಟಿನಲ್ಲಿ ಅದನ್ನೇ ಹಿಡಿದು ದಾವೆ ಹೂಡಲಾಗದು. ಆಫ್ರಿಕಾ ಮಾತ್ರ ಮುಂದೆ ಹೋಯಿತು. 1981ರ ಆಫ್ರಿಕನ್ ಸನ್ನದಿನಲ್ಲಿ ಅಭಿವೃದ್ಧಿಯ ಹಕ್ಕು ಬದ್ಧತೆಯುಳ್ಳ ವಿಧಿಯಾಗಿದೆ. ಅದರಡಿ ಬಂದ ಒಂದು ಪ್ರಕರಣ ನಮ್ಮ ಕಾವಲಿನವರು ಓದಲೇಬೇಕಾದದ್ದು. ಕೆನ್ಯಾದ ಬೊಗೋರಿಯಾ ಸರೋವರದ ಸುತ್ತ ದನ ಮೇಯಿಸಿಕೊಂಡಿದ್ದ ಎಂಡೊರೊಯಿಸ್ ಎಂಬ ಸಮುದಾಯವನ್ನು 1970ರ ದಶಕದಲ್ಲಿ ವನ್ಯಧಾಮಕ್ಕಾಗಿ ಎಬ್ಬಿಸಲಾಯಿತು. ಅವರ ಹತ್ತಿರ ಹಕ್ಕುಪತ್ರ ಇರಲಿಲ್ಲ. ನೆಲ ಸರ್ಕಾರದ್ದು, ನೀವು ಬರೀ ಮೇಯಿಸುತ್ತಿದ್ದವರು ಎಂಬುದು ಸರ್ಕಾರದ ವಾದ. ಆಫ್ರಿಕನ್ ಮಾನವ ಹಕ್ಕುಗಳ ಆಯೋಗ 2010ರ ಫೆಬ್ರವರಿಯಲ್ಲಿ ಪ್ರಕಟಿಸಿದ ತೀರ್ಪಿನಲ್ಲಿ ತಲೆಮಾರುಗಳ ಬಳಕೆಯೇ ಹಕ್ಕು ಎಂದಿತು. ಸಮ್ಮತಿ ಕೇಳದೆ, ಪ್ರವಾಸೋದ್ಯಮದ ಆದಾಯದಲ್ಲಿ ಪಾಲು ಕೊಡದೆ ಎಬ್ಬಿಸಿದ್ದು ಅಭಿವೃದ್ಧಿಯ ಹಕ್ಕಿನ ಉಲ್ಲಂಘನೆ ಎಂದೂ ಹೇಳಿತು.

ಅಮೃತ ಮಹಲ್ ಕಾವಲು

ಮೈಸೂರು ಒಡೆಯರ ಕಾಲದಲ್ಲಿ, ವಿಶೇಷವಾಗಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅರಮನೆಯ ದನಗಳಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ರಾಜ್ಯದ ಉದ್ದಗಲಕ್ಕೂ ಹುಲ್ಲುಗಾವಲುಗಳನ್ನು ಅದಕ್ಕೆ ಕಾಯ್ದಿರಿಸಿದ್ದರು, ಅವೇ ಕಾವಲುಗಳು. ಹೈದರ್ ಅಲಿ ಈ ದನಗಳನ್ನು ಸೈನ್ಯದ ಸಾಗಣೆಗೆ ಹಚ್ಚಿದ. ಅಮೃತ ಮಹಲ್ ಎಂಬ ಹೆಸರು ಟಿಪ್ಪುವಿನ ಕಾಲದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆ ಬ್ರಿಟಿಷರ ಪಾಲಾಯಿತು. 1860ರಲ್ಲಿ ದುಬಾರಿ ಎಂದು ಮಂದೆಯನ್ನು ಮಾರಿಬಿಟ್ಟರು, ಫಿರಂಗಿ ಎಳೆಯಲು ಅಂಥ ಎತ್ತು ಬೇರೆಲ್ಲೂ ಸಿಗದೆ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದರು. ಮುಂದೆ ಅದು ಮೈಸೂರು ಸರ್ಕಾರಕ್ಕೆ ಮರಳಿತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ 1929ರದ್ದು. ಬೀರೂರು, ಬಾಸೂರು, ಲಿಂಗದಹಳ್ಳಿಗಳಲ್ಲಿ ಇದರ ಉಪಕೇಂದ್ರಗಳಿವೆ. ಬೀರೂರಿನಲ್ಲಿ ಹೋರಿಗಳ ಹರಾಜಿಗೆ ದೂರದ ಜಿಲ್ಲೆಗಳ ರೈತರು ಬಂದು ಕೂಗುತ್ತಾರೆ.

ಆ ವ್ಯವಸ್ಥೆಯ ಜಾಣತನ ಕಾವಲುಗಳ ವಿಂಗಡಣೆಯಲ್ಲಿತ್ತು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಬೇರೆ ಬೇರೆ. ಬೇಸಿಗೆಯದ್ದು ಕೆರೆಯ ಮಗ್ಗುಲಲ್ಲೋ ನೆರಳಿದ್ದಲ್ಲೋ ಇರುತ್ತಿತ್ತು. ಮಂದೆ ಹೊರಟ ಮೇಲೆ ಹುಲ್ಲಿಗೆ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬಿಡುವು ಸಿಗುತ್ತಿತ್ತು. ಮಳೆ ನಂಬಲಾಗದ ಸೀಮೆಯಲ್ಲಿ ಹುಲ್ಲು ಉಳಿಸುವ ದಾರಿ ಅದೊಂದೇ. ಕುರುಬರು ಮತ್ತು ಕಾಡುಗೊಲ್ಲರು ಕುರಿಯೊಂದಿಗೆ ಸುತ್ತುವ ಲೆಕ್ಕವೂ ಇದೇ. ಬಿತ್ತನೆಯ ಕಾಲದಲ್ಲಿ ಕಾವಲು, ಗುಡ್ಡ. ಕಟಾವಾದ ಮೇಲೆ ಹೊಲ. ರೈತ ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಂಡು ಗೊಬ್ಬರ ಪಡೆಯುತ್ತಾನೆ, ಕುರಿಯವರಿಗೆ ಅದಕ್ಕೆ ಕಾಳೋ ಕಾಸೋ ಸಿಗುತ್ತದೆ. ಕಾವಲು ಹೋದರೆ ಈ ಸುತ್ತಿನ ಒಂದು ಕೊಂಡಿ ಕಳಚುತ್ತದೆ, ಮಳೆಗಾಲದ ಮೂರು ತಿಂಗಳು ಕುರಿಗೆ ನಿಲ್ಲಲು ನೆಲವೇ ಇಲ್ಲವಾಗುತ್ತದೆ.

ಕಾವಲು ಮೂಲದಲ್ಲಿ ಅರಮನೆಯದ್ದು, ಈಗ ಸರ್ಕಾರದ್ದು. ಸುತ್ತಲ ಊರಿನವರದ್ದು ರೂಢಿಯ ಬಳಕೆ. ದರಕು, ಸೌದೆ, ಮೇವು, ನೀರಿಗೆ ದಾರಿ. ಸ್ವಾತಂತ್ರ್ಯ ಬಂದ ಮೇಲೆ ಕಾವಲುಗಳು ಜಮೀನು ಮಂಜೂರಿಗೆ, ಒತ್ತುವರಿಗೆ, ನೀಲಗಿರಿ ನೆಡುತೋಪಿಗೆ, ಸರ್ಕಾರಿ ಯೋಜನೆಗಳಿಗೆ ಕರಗುತ್ತಾ ಬಂದವು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲಿನ ಸುಮಾರು 7 ಚದರ ಕಿ.ಮೀ. ಜಾಗವನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ವನ್ಯಜೀವಿ ಕಾಯ್ದೆಯ 36ಎ, 36ಬಿ ಕಲಮುಗಳ ಪ್ರಕಾರ ಇಂಥ ಮೀಸಲು ಘೋಷಿಸುವ ಮೊದಲು ಸ್ಥಳೀಯ ಸಮುದಾಯಗಳೊಂದಿಗೆ ಸಮಾಲೋಚನೆ ಆಗಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರಬೇಕು. ಕಾವಲಿನ ಮಟ್ಟಿಗೆ ಜನರನ್ನು ಕೇಳಲೇಬೇಕು ಎಂದು ಬರೆದಿಟ್ಟ ಕಾನೂನುಗಳು ಕಡಿಮೆ, ಅವುಗಳಲ್ಲಿ ಇದೊಂದು.

ಚಳ್ಳಕೆರೆಯಲ್ಲಿ ನಡೆದದ್ದು

ಹಾಗೆ ಕೇಳದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಚಿತ್ರದುರ್ಗ ಜಿಲ್ಲೆ ಸಾಕ್ಷಿ. ಚಳ್ಳಕೆರೆ ತಾಲ್ಲೂಕಿನ ವರವು, ಉಳ್ಳಾರ್ತಿ, ಖುದಾಪುರ ಕಾವಲುಗಳ ಸುಮಾರು 10 ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಒಂದು ಖಾಸಗಿ ಸೌರವಿದ್ಯುತ್ ಕಂಪನಿಗೆ ಹಂತಹಂತವಾಗಿ ಕೊಡಲಾಯಿತು. ಬೇಲಿ, ಗೋಡೆ ಏಳತೊಡಗಿದಾಗ ದನ, ಕುರಿ ಹೊಡೆದುಕೊಂಡು ಹೋಗುವವರು ದಾರಿಯಿಲ್ಲದೆ ನಿಂತರು. ಊರಿನವರ ಹೋರಾಟ ಹೈಕೋರ್ಟಿಗೂ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2014ರಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು, ದೊಡ್ಡ ಯೋಜನೆಗಳು ಉಳಿದುಕೊಂಡವು. ರಕ್ಷಣಾ ಸಂಶೋಧನಾ ಸಂಸ್ಥೆಯ ಏರೋನಾಟಿಕಲ್ ಟೆಸ್ಟ್ ರೇಂಜ್ ಅಲ್ಲಿ 2017ರ ಮೇನಲ್ಲಿ ಉದ್ಘಾಟನೆಯಾಯಿತು.

ಆ ಸಂಸ್ಥೆಗಳ ಕೆಲಸ ದೇಶಕ್ಕೆ ಬೇಕಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಆಕ್ಷೇಪ ತೀರ್ಮಾನವಾದ ರೀತಿಗೆ. ಖಾಸಗಿ ಕಂಪನಿಗಾಗಿ ರೈತನ ಹೊಲ ತೆಗೆದುಕೊಳ್ಳಬೇಕಾದರೆ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಶೇ 80ರಷ್ಟು ಬಾಧಿತ ಕುಟುಂಬಗಳ ಸಮ್ಮತಿ ಬೇಕು. ಸರ್ಕಾರಿ ಕಾವಲನ್ನು ಸರ್ಕಾರವೇ ಕೊಡುವಾಗ ಅದು ಸ್ವಾಧೀನವೇ ಅಲ್ಲ, ಬರೀ ಹಸ್ತಾಂತರ. ಸಮ್ಮತಿಯ ಪ್ರಶ್ನೆಯೇ ಏಳುವುದಿಲ್ಲ. ಬಾಧಿತ ಕುಟುಂಬಗಳ ವ್ಯಾಖ್ಯಾನದಲ್ಲಿ ಕಾಡು ಮತ್ತು ನೀರನ್ನು ನಂಬಿದವರು, ಮೀನು ಹಿಡಿಯುವವರು, ದೋಣಿ ನಡೆಸುವವರು ಇದ್ದಾರೆ. ಕುರಿ ಕಾಯುವವರ ಹೆಸರಿಲ್ಲ. ಒಡಂಬಡಿಕೆಯ ಒಂದನೇ ವಿಧಿ ತಡೆಯಬೇಕೆಂದಿದ್ದ ನಷ್ಟ ಈ ಬಿರುಕಿನಲ್ಲೇ ನುಸುಳಿ ಬಂದಿದೆ.

ಕುಸನೂರಿನ ಉತ್ತರ

ಊರಿನ ನೆಲಕ್ಕಾಗಿ ಊರು ಎದ್ದು ಗೆದ್ದ ಉದಾಹರಣೆಯೂ ಕರ್ನಾಟಕದಲ್ಲೇ ಇದೆ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಮಾಡಿಕೊಂಡವು. 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ವರ್ಗದ ಜಮೀನು, ಅಂದರೆ ಹಳ್ಳಿಯವರು ಮೇವು ಸೌದೆಗೆ ನಂಬಿದ ನೆಲ, ನೀಲಗಿರಿ ತೋಪಿಗಾಗಿ ಅದಕ್ಕೆ ಹೋಗಬೇಕಿತ್ತು. 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಯಲ್ಲಿರುವ ಕುಸನೂರಿನಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು, ಶಿವರಾಮ ಕಾರಂತರು ಅರ್ಜಿದಾರರಲ್ಲಿ ಒಬ್ಬರಾದರು. 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು. ವಿಶ್ವಸಂಸ್ಥೆ ಅಭಿವೃದ್ಧಿಯ ಹಕ್ಕಿನ ಘೋಷಣೆ ಮಾಡಿ ಒಂದು ವರ್ಷವೂ ಆಗಿರದಾಗ ಕುಸನೂರಿನವರು ಅದರ ತಾತ್ಪರ್ಯವನ್ನು ಸಸಿಯಲ್ಲಿ ಬರೆದು ತೋರಿಸಿದ್ದರು.

ಭದ್ರಾ ಕಾಡಿನಿಂದ ಬಂದವರು

ಭದ್ರಾ ಅಭಯಾರಣ್ಯದ ಒಳಗಿನ ಹಳ್ಳಿಗಳಿಂದ 2001–02ರಲ್ಲಿ 419 ಕುಟುಂಬಗಳು ಹೊರಬಂದವು. ಹೆಚ್ಚಿನವರು ನೆಲೆಸಿದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ, ಉಳಿದವರು ಮೂಡಿಗೆರೆ ತಾಲ್ಲೂಕಿನ ಕೆಳಗೂರಿನಲ್ಲಿ. ಮನೆ ನಿವೇಶನ, ಜಮೀನಿಗೆ ಜಮೀನು, ಎಂ.ಸಿ. ಹಳ್ಳಿಯವರಿಗೆ ಭದ್ರಾ ನಾಲೆಯ ನೀರು ಸಿಕ್ಕಿತು. ಆನೆ ಕಾಟದಲ್ಲಿ ಬೆಳೆ ಉಳಿಸಿಕೊಳ್ಳಲಾಗದೆ, ಶಾಲೆ ಆಸ್ಪತ್ರೆ ಇಲ್ಲದೆ ಬೇಸತ್ತಿದ್ದ ಅನೇಕರು ಒಪ್ಪಿಯೇ ಬಂದರು. ದೇಶದಲ್ಲಿ ಹುಲಿಗಾಗಿ ನಡೆದ ಸ್ಥಳಾಂತರಗಳಲ್ಲಿ ಇದನ್ನು ಯಶಸ್ವಿ ಎಂದು ಎಣಿಸುತ್ತಾರೆ. ಮಾತುಕತೆಗೆ ವರ್ಷಗಳ ಕಾಲ ಹಿಡಿಯಿತು, ಕೊಡುವ ಜಮೀನು ಮೊದಲೇ ಕಣ್ಣಿಗೆ ಕಾಣುವಂತಿತ್ತು. ಯಶಸ್ಸಿನ ಗುಟ್ಟು ಅಷ್ಟೇ ಎಂದು ನನಗನಿಸುತ್ತದೆ. ನಾಗರಹೊಳೆಯಿಂದ ಹಿಂದಿನ ದಶಕಗಳಲ್ಲಿ ಎಬ್ಬಿಸಲಾದ ಜೇನುಕುರುಬರಿಗೆ ಇವೆರಡೂ ಸಿಗಲಿಲ್ಲ. ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದವರು ಅವರಲ್ಲಿ ಬಹಳ.

ಭದ್ರಾ ಮೇಲ್ದಂಡೆ: ಎರಡು ಕಡೆಯ ನ್ಯಾಯ

ಅಭಿವೃದ್ಧಿಯ ಹಕ್ಕು ಎರಡು ಕಡೆಯಿಂದಲೂ ಬಂದು ಎದುರುಬದುರು ನಿಲ್ಲುವುದೂ ಉಂಟು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 29.9 ಟಿಎಂಸಿ ಅಡಿ ನೀರನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ಕೊಡಬೇಕು, ಕೆರೆ ತುಂಬಿಸಬೇಕು. ನೀರು ಮೇಲಕ್ಕೆತ್ತಿ, ಅಜ್ಜಂಪುರದ ಹತ್ತಿರ ಸುರಂಗದಲ್ಲಿ ಹಾಯಿಸಿ ಬಯಲಿಗೆ ಇಳಿಸುತ್ತಾರೆ. ಬರದಲ್ಲಿ ಬೆಂದ ಚಿತ್ರದುರ್ಗದವರು ಈ ನೀರಿಗಾಗಿ ದಶಕಗಳ ಕಾಲ ಹೋರಾಡಿದ್ದಾರೆ, ಅವರ ಬೇಡಿಕೆ ನ್ಯಾಯವಾದದ್ದು. ಕೇಂದ್ರ ಸರ್ಕಾರ 2023–24ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಿಸಿತು.

ಕಾಲುವೆ ಹಾಯುವ ಜಮೀನು ಮಾತ್ರ ತರೀಕೆರೆ, ಅಜ್ಜಂಪುರದ್ದು. ಅಬ್ಬಿನಹೊಳಲು ಬಳಿ ಪರಿಹಾರ ಸಾಲದೆಂದು ರೈತರು ಜಮೀನು ಬಿಡದೆ, ಎರಡು ಕಿ.ಮೀ. ಕೂಡ ಇಲ್ಲದ ಕಾಲುವೆಯ ತುಂಡು ವರ್ಷಗಟ್ಟಲೆ ಹಾಗೇ ನಿಂತಿತು. ಅವರನ್ನು ಅಭಿವೃದ್ಧಿಯ ವಿರೋಧಿಗಳು ಎಂದು ಜರೆಯುವುದು ಸುಲಭ. ಫಲದ ಹಂಚಿಕೆ ನ್ಯಾಯವಾಗಿರಬೇಕು ಎಂಬ 1986ರ ಘೋಷಣೆಯ ಮಾತು ಚಿತ್ರದುರ್ಗದ ಒಣ ಹೊಲಕ್ಕೂ ಅಬ್ಬಿನಹೊಳಲಿನ ಅಡಿಕೆ, ತೆಂಗಿನ ತೋಟಕ್ಕೂ ಸಮನಾಗಿ ಅನ್ವಯಿಸುತ್ತದೆ. ಮೊದಲೇ ಕೂತು ಮಾತಾಡಿ, ಪರಿಹಾರವನ್ನು ಸರಿಯಾಗಿ ಕೊಟ್ಟಿದ್ದರೆ ಇಬ್ಬರಿಗೂ ಅಷ್ಟು ವರ್ಷ ಉಳಿಯುತ್ತಿತ್ತು.

ಬುಡಕಟ್ಟಿನವರಿಗೆ, ಪಶುಪಾಲಕರಿಗೆ ಇರುವ ಕಾನೂನು

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. 144 ದೇಶಗಳು ಪರ, 4 ವಿರೋಧ, 11 ತಟಸ್ಥ. ತಿಳಿದು, ಒತ್ತಡವಿಲ್ಲದೆ, ಮುಂಚಿತವಾಗಿ ಕೊಡುವ ಸಮ್ಮತಿ ಎಂಬ ತತ್ವಕ್ಕೆ ಬಲ ಬಂದದ್ದು ಅದರಿಂದ. ಭಾರತ ಪರವಾಗಿ ಮತ ಹಾಕಿತು. ಆದರೆ ಭಾರತದಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂಬ ನಿಲುವನ್ನು ಬಿಡಲಿಲ್ಲ. ರೈತರು ಮತ್ತು ಗ್ರಾಮೀಣ ಭಾಗದ ದುಡಿಯುವವರ ಹಕ್ಕುಗಳ ಘೋಷಣೆ 2018ರ ಡಿಸೆಂಬರ್‌ನಲ್ಲಿ ಬಂತು. ಕುರಿ, ದನ ಕಾಯುವವರನ್ನೂ ಅದು ಹೆಸರಿಸಿ ಸೇರಿಸಿಕೊಂಡಿದೆ.

ನಮ್ಮ ದೇಶದ ಕಾನೂನುಗಳಲ್ಲಿ ಇದಕ್ಕೆ ಹತ್ತಿರದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಮೇಯಿಸುವ ಹಕ್ಕು ಮತ್ತು ಅಲೆಮಾರಿ ಪಶುಪಾಲಕರು ಋತುಮಾನಕ್ಕೆ ತಕ್ಕಂತೆ ಕಾಡು ಬಳಸುವ ಹಕ್ಕು ಅದರ ಮೂರನೇ ಕಲಮಿನಲ್ಲಿ ಸ್ಪಷ್ಟವಾಗಿವೆ. ಬಿಳಿಗಿರಿರಂಗನಬೆಟ್ಟದ ಸೋಲಿಗರ 25 ಗ್ರಾಮಸಭೆಗಳು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದವು. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂದು ಗ್ರಾಮಸಭೆಗಳೇ ಹೇಳಲಿ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ತೀರ್ಪಿತ್ತಿತು. 12 ಸಭೆಗಳೂ ಬೇಡ ಎಂದವು, ಗಣಿ ನಿಂತಿತು.

ಕಾವಲಿನವರಿಗೆ ಇಲ್ಲಿ ಎರಡು ತೊಡಕು. ಕಾವಲು ಅರಣ್ಯವೋ ಕಂದಾಯ ಭೂಮಿಯೋ ಎಂಬ ತಕರಾರು ಮುಗಿದಿಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ವರ್ಷದ ಅರ್ಧ ದಾರಿಯಲ್ಲೇ ಕಳೆಯುವ ಕುರಿಗಾಹಿ ಯಾವ ಕಾಗದ ತಂದು ತೋರಿಸಬೇಕು? ಪರಿಶಿಷ್ಟ ಪ್ರದೇಶಗಳ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ಕರ್ನಾಟಕಕ್ಕೆ ಅನ್ವಯಿಸುವುದೇ ಇಲ್ಲ, ಇಲ್ಲಿ ಐದನೇ ಅನುಸೂಚಿಯ ಪ್ರದೇಶಗಳಿಲ್ಲ.

ಊರೊಳಗಿನ ತಕರಾರು

ಸಮುದಾಯದ ಹಕ್ಕು ಎನ್ನುವಾಗ ಸಮುದಾಯದೊಳಗೆ ಎಲ್ಲರೂ ಸಮಾನರು ಎಂದುಕೊಳ್ಳಬಾರದು. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಹೆಚ್ಚುವರಿ ಇದ್ದರೆ ಮಾತ್ರ ಮಂಜೂರು. ನಮೂನೆ 50, 53, 57ರಲ್ಲಿ ಬಗರ್ ಹುಕುಂ ಅರ್ಜಿ ಹಾಕಿ ಕಾದಿರುವವರಲ್ಲಿ ಭೂಮಿಯೇ ಇಲ್ಲದ ದಲಿತರು, ಲಂಬಾಣಿ ತಾಂಡಾದವರು ಬಹಳ ಮಂದಿ. ಅದೇ ಸಾಲಿನಲ್ಲಿ ಅಡಿಕೆ ತೋಟ ವಿಸ್ತರಿಸಿಕೊಂಡ ಅನುಕೂಲಸ್ಥರೂ ಇದ್ದಾರೆ. ‘ಗೋಮಾಳ ಕೊರತೆ’ ಎಂದು ಬಡವನ ಅರ್ಜಿ ವಜಾ ಆಗಿ, ಬಲಾಢ್ಯನ ಒತ್ತುವರಿ ಬೇಲಿಯೊಳಗೆ ಭದ್ರವಾಗಿರುವ ಊರುಗಳಿವೆ. ಗೋಮಾಳದ ಮೇಲೆ ಭೂಹೀನನಿಗೂ ಹಕ್ಕಿದೆ, ದನ ಕುರಿಯವರಿಗೂ ಹಕ್ಕಿದೆ. ಇಬ್ಬರ ಪಾಲನ್ನೂ ತಿಂದಿರುವ ದೊಡ್ಡ ಒತ್ತುವರಿಯನ್ನು ಮೊದಲು ಬಿಡಿಸುವುದೇ ನ್ಯಾಯದ ಕ್ರಮ. ಹಳ್ಳಿಯ ಸಾಮೂಹಿಕ ಜಮೀನಿನ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಊರು ಮಾಡಬಹುದಾದದ್ದು

ಒಡಂಬಡಿಕೆಯ ದೂರು ಸಮಿತಿಗೆ ಭಾರತದ ಪ್ರಜೆ ನೇರವಾಗಿ ಅರ್ಜಿ ಹಾಕುವಂತಿಲ್ಲ, ಅದಕ್ಕೆ ಬೇಕಾದ ಐಚ್ಛಿಕ ಪ್ರೋಟೊಕಾಲ್ ಅನ್ನು ಭಾರತ ಒಪ್ಪಿಲ್ಲ. ಆದ್ದರಿಂದ ಕೆಲಸ ನಡೆಯಬೇಕಾದದ್ದು ಇಲ್ಲೇ. ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ನಿಮ್ಮ ಊರಿನ ಗೋಮಾಳದ ಸರ್ವೆ ನಂಬರುಗಳನ್ನು ತಾಲ್ಲೂಕು ಕಚೇರಿಯಿಂದ ತೆಗೆಸಿ, ಗ್ರಾಮ ನಕ್ಷೆಯೊಂದಿಗೆ ತಾಳೆ ನೋಡಿ. ಜಾನುವಾರು ಗಣತಿಯ ಸಂಖ್ಯೆಗೆ 100ಕ್ಕೆ 30 ಎಕರೆಯ ಲೆಕ್ಕ ಹಾಕಿ, ಎಷ್ಟು ಇರಬೇಕು, ಎಷ್ಟು ಉಳಿದಿದೆ ಎಂದು ಸಭೆಯಲ್ಲಿ ಓದಿಸಿ. ಅರಣ್ಯ ಎಂದು ದಾಖಲಾದ ಕಡೆ ಸಮುದಾಯ ಹಕ್ಕಿಗೆ ನಮೂನೆ ಬಿ, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ನಮೂನೆ ಸಿ ಸಲ್ಲಿಸಬಹುದು. ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ದಾಖಲಾತಿಯಲ್ಲಿ ಕಾವಲಿನ ಹುಲ್ಲು, ಕುರಿ ಹೋಗುವ ದಾರಿ, ನೀರಿನ ತಾಣ ಎಲ್ಲವನ್ನೂ ಬರೆಸಬಹುದು. ಹಟ್ಟಿಯ ಹೆಂಗಸರು, ಕುರಿ ಕಾಯುವ ಹುಡುಗರು ಅಲ್ಲಿ ಕೂತು ಹೇಳಿದರೆ ಆ ದಾಖಲೆಗೆ ತೂಕ ಬರುತ್ತದೆ. ಮುಂದಿನ ಗ್ರಾಮಸಭೆಯ ನೋಟಿಸ್ ಬಂದ ದಿನವೇ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ, ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ.